ಅತ್ತೆಯ ಮೂರು ದಿನ

ನಾನು ಸೊಸೆಯಾಗಿ ಹೋದದ್ದು ಚನ್ನಪಟ್ಟಣದ ಹತ್ತಿರ, ಬೈರಾಪಟ್ಟಣದ ಒಂದು ಮನೆಗೆ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಇದ್ದವು ಎನ್ನುವುದಕ್ಕಿಂತ ಹುಳದ ಮನೆಯಲ್ಲಿ ನಾವಿದ್ದೆವು ಎನ್ನುವುದೇ ಸರಿ. ಹುಳ ಪೊರೆ ಬಿಡಲು ತಲೆಯೆತ್ತಿ ಮಲಗಿದರೆ ಅದಕ್ಕೆ ಜ್ವರ ಬಂತು ಎನ್ನುತ್ತಾರೆ. ಆಗ ಮಾವ ಮಾತು ತಗ್ಗಿಸಿ, ಬೆಕ್ಕಿನ ಹಾಗೆ ನಡೆಯುತ್ತಿದ್ದರು. ಅತ್ತೆಗೆ ಜ್ವರ ಬಂದರೆ ಮಾತ್ರ, ಕಷಾಯ ಕುಡಿದು ಹುಳಕ್ಕೆ ಸೊಪ್ಪು ಕೊಚ್ಚು ಎನ್ನುತ್ತಿದ್ದರು.

ಮುಟ್ಟಾದ ಹೆಂಗಸು ಹುಳದ ಕೋಣೆಗೆ ಕಾಲಿಡಬಾರದು, ಇಟ್ಟರೆ ಹುಳ ಸಾಯುತ್ತವೆ. ಹೀಗಂತ ಯಾರು ಹೇಳಿದರೋ, ಅವರ ಹೊಟ್ಟೆ ತಣ್ಣಗಿರಲಿ. ಅತ್ತೆಗೆ ಬದುಕಿನಲ್ಲಿ ಇದ್ದ ರಜೆ ಅದೊಂದೇ. ಹಿತ್ತಲ ಸೂರಿನಡಿ ಚಾಪೆ ಹಾಸಿಕೊಂಡು, ಎಲೆ ಅಡಿಕೆ ಮೆಲ್ಲುತ್ತ ಮೂರು ದಿನ ಕೂರುತ್ತಿದ್ದರು, ಮಧ್ಯಾಹ್ನವೆಲ್ಲ ನಿದ್ದೆ. ನಾಲ್ಕನೆಯ ದಿನ ನೀರು ಹಾಕಿಕೊಂಡು ಒಳಗೆ ಬಂದರೆ ಮತ್ತೆ ಅವರ ಬೆನ್ನು ನೆಲ ಕಾಣುತ್ತಿರಲಿಲ್ಲ.

ಮಾವನಿಗೂ ಆ ದಿನಗಳು ಬೇಕಿದ್ದವು. ಹುಳ ಹಣ್ಣಾದಾಗ, ಎಂದರೆ ತಿನ್ನುವುದು ಬಿಟ್ಟು ಗೂಡಿಗೆ ಸಿದ್ಧವಾದಾಗ, ಅವನ್ನು ಆರಿಸಿ, ಗೂಡು ಕಟ್ಟುವ ಬಿದಿರು ಚಂದ್ರಿಕೆಗೆ ಹಾಕಲು ಅತ್ತೆಯ ಕೈಯೇ ಆಗಬೇಕು. ಆ ಹೊತ್ತಿಗೆ ಅತ್ತೆ ಒಳಗೇ ಇರಲಿ ಎಂದು, ಅವರು ಹೊರಗೆ ಕೂರುವ ದಿನ ಲೆಕ್ಕ ಹಾಕಿಯೇ ಮಾವ ಕ್ಲೋಸ್‌ಪೇಟೆಯಿಂದ ಹುಳದ ಮೊಟ್ಟೆ ತರುತ್ತಿದ್ದರು. ರಾಮನಗರಕ್ಕೆ ಆಗ ಅದೇ ಹೆಸರು. ಪಂಚಾಂಗ ನೋಡುವವರು ಊರಲ್ಲೆಲ್ಲ ಇದ್ದರು, ಹೆಂಡತಿಯನ್ನೇ ಪಂಚಾಂಗ ಮಾಡಿಕೊಂಡವರು ನಮ್ಮ ಮಾವ ಒಬ್ಬರೇ.

ಒಂದು ವರ್ಷ ಆ ಪಂಚಾಂಗ ಕೆಟ್ಟಿತು. ಅತ್ತೆ ಒಮ್ಮೆ ತಿಂಗಳು ತುಂಬುವ ಮೊದಲೇ ಹೊರಗೆ, ಆಮೇಲೆ ಎರಡು ತಿಂಗಳು ಪತ್ತೆಯೇ ಇಲ್ಲ, ಮತ್ತೆ ಬಂದರೆ ವಾರವಾದರೂ ನಿಲ್ಲದು. ಕೊನೆಗೆ ಹುಳ ಹಣ್ಣಾದ ದಿನವೇ ಅತ್ತೆ ಹೊರಗಾದರು, ಅವರ ಹಿಂದೆಯೇ ನಾನೂ. ಒಳಗೆ ಗಂಡಸರಿಬ್ಬರೇ. ನಾವು ಸೂರಿನಡಿ ಕೂತು ಕೂಗಿ ಹೇಳಿಕೊಡಬೇಕಾಯಿತು.

"ಹಣ್ಣಾಗಿರೋದ್ನ ಮಾತ್ರ ಆರಿಸ್ಲಾ," ಅತ್ತೆ ಮಗನಿಗೆ ಕೂಗಿದರು.

"ಎಲ್ಲಾವೂ ಒಂದೇ ಥರ ಅವೆ ಕಣವ್ವ," ಎಂದ ನನ್ನ ಗಂಡ.

"ಹುಟ್ಟಿದಾಗಿಂದ ಹುಳದ ಮಧ್ಯದಲ್ಲೇ ಇದ್ದೀಯ, ಅವುದ್ರ ಮುಖ ಗೊತ್ತಿಲ್ವಾ ನಿಂಗೆ?"

ಮಾವ ಹಣ್ಣಾಗದ ಹುಳವನ್ನೂ ಬಾಚಿ ಚಂದ್ರಿಕೆಗೆ ಸುರಿದರು. ಅವು ಗೂಡು ಕಟ್ಟದೆ ಗೋಡೆ ಹತ್ತಿದವು. ಒಂದು ಮಾವನ ರುಮಾಲಿನಲ್ಲಿ ಸಿಕ್ಕಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಅತ್ತೆ ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. "ನಿಲ್ತಾನೇ ಇಲ್ಲ ಕಣೇ," ಎಂದರು ಮೆಲ್ಲಗೆ. "ಕಣ್ಣು ಕತ್ತಲೆ ಬತ್ತದೆ. ಯಾರ್ಗೂ ಹೇಳ್ಬೇಡ." ನನಗೆ ಹೆದರಿಕೆಯಾಯಿತು. ಹೆದರಿದರೆ ನನಗೆ ಸಿಟ್ಟು ಬರುತ್ತದೆ. ಗಾಡಿ ಕಟ್ಟುವವರೆಗೆ ಅನ್ನ ಮುಟ್ಟುವುದಿಲ್ಲ ಎಂದು ಗಂಡನ ಮೇಲೆ ರೇಗಿ, ಅತ್ತೆಯನ್ನು ಚನ್ನಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಗಡ್ಡೆಗಿಡ್ಡೆ ಏನೂ ಕಾಣುವುದಿಲ್ಲ, ಮುಟ್ಟು ನಿಲ್ಲುವ ವಯಸ್ಸು, ನಿಲ್ಲುವ ಮೊದಲು ಹೀಗೆ ತಾಳ ತಪ್ಪುವುದುಂಟು ಎಂದರು. ತುಂಬ ರಕ್ತ ಹೋಗಿರುವುದರಿಂದ ಕಬ್ಬಿಣದ ಔಷಧಿ ಕೊಟ್ಟರು. "ಪೂರಾ ನಿಂತು ವರ್ಷವಾದ ಮೇಲೆ ಮತ್ತೆ ಕಂಡರೆ ತಡ ಮಾಡದೆ ಬನ್ನಿ. ಈಗ ಸೊಪ್ಪು ತಿನ್ನಬೇಕು, ರೆಸ್ಟು ತಗೋಬೇಕು."

"ಸೊಪ್ಪು ಹುಳಕ್ಕೇ ಸಾಲ್ದು," ಎಂದರು ಅತ್ತೆ. "ರೆಸ್ಟು ಎಲ್ಲಿಂದ ತರಾದು?"

ವಾಪಸ್ಸು ಬರುವಾಗ ಅತ್ತೆ ಗಾಡಿಯಲ್ಲಿ ಮುಖ ತಿರುಗಿಸಿ ಕೂತರು. ಸಾಯುವ ಭಯ ಹೋಗಿತ್ತಲ್ಲ, ಖುಷಿಯಾಗಿರಬೇಕಿತ್ತು. "ಪೂರಾ ನಿಂತೋಯ್ತದಂತೆ," ಎಂದರು. "ಅಂದ್ರೆ ನಂಗೆ ಆ ಮೂರ್ದಿನಾನೂ ಇಲ್ಲ ಅನ್ನು."

ಕೆಲವು ತಿಂಗಳಲ್ಲಿ ಪಂಚಾಂಗ ಸರಿಹೋಯಿತು. ಎಂಥ ಸರಿ ಅಂತೀರಿ, ಯೌವನದಲ್ಲೂ ಅಷ್ಟು ಸರಿ ಇದ್ದಿರಲಾರದು. ಪ್ರತಿ ಹುಣ್ಣಿಮೆಯ ಮಾರನೆಯ ದಿನ ಅತ್ತೆ ಚಾಪೆ ಹಿಡಿದು ಹೊರಗೆ. "ಡಾಕ್ಟ್ರಮ್ಮನ ಔಷ್ದಿ ಏನ್ ಕೆಲ್ಸ ಮಾಡೈತೆ ನೋಡ್ಲಾ," ಎಂದು ಮಾವ ಮಗನ ಮುಂದೆ ಹಿಗ್ಗಿದರು. ಹಿತ್ತಲ ಬೇಲಿಯ ಮೇಲೆ ಮಾತ್ರ ಅತ್ತೆಯ ಮುಟ್ಟಿನ ಬಟ್ಟೆ ಒಣಗುವುದು ನಿಂತಿತ್ತು. ನಾನು ಕಂಡೆ, ಬಾಯಿ ಬಿಡಲಿಲ್ಲ.

ಹೀಗೇ ನಡೆದುಹೋಗುತ್ತಿತ್ತು. ಒಂದು ಸಲ ಅತ್ತೆ ಹೊರಗೆ ಕೂತ ದಿನವೇ ಮಾವನ ತಂಗಿ ಬಂದರು. "ನಂಗೇ ನಿಂತು ಎಲ್ಡ್ ವರ್ಷ ಆಯ್ತು. ಅತ್ತಿಗೆಗೆ ಇನ್ನೂ ಐತಾ?" ಎಂದು ಮಾವನ ಮುಂದೆಯೇ ಕೇಳಿಬಿಟ್ಟರು. ಆ ಸಂಜೆ ಮಾವ, ಗಂಡಸರು ತಲೆ ಹಾಕಬಾರದ ಆ ಬೇಲಿಯ ಕಡೆ, ಕರು ಹುಡುಕುವ ನೆಪದಲ್ಲಿ ಸುಳಿದರು. ಕರು ಮನೆಯ ಮುಂದೆಯೇ ಕಟ್ಟಿತ್ತು. ಬೇಲಿ ಬೋಳಾಗಿತ್ತು.

ಮಾರನೆಯ ಬೆಳಗ್ಗೆ ನಾನು ಹಳೇ ಸೀರೆಯ ತುಂಡು ಎರಡನ್ನು ನೀರಲ್ಲಿ ಅದ್ದಿ, ಅತ್ತೆಯ ಬಟ್ಟೆ ಒಣಗುತ್ತಿದ್ದ ಜಾಗದಲ್ಲೇ ಹರವಿದೆ. ಮಾವ ಮತ್ತೆ ಕರು ಹುಡುಕಿಕೊಂಡು ಬಂದರು. ಬೇಲಿ ನೋಡಿದರು, ತಲೆ ತಗ್ಗಿಸಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು.

ಅತ್ತೆ ಸೂರಿನಡಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಮತ್ತೆ ಚಾಪೆಯ ಮೇಲೆ ಕೂತರು.

"ಅಷ್ಟು ಬೆಳ್ಳಗಿರೋದ್ ಹಾಕ್ತಾರೇನೇ," ಎಂದರು. "ನಾಳೀಕೆ ಒಸಿ ಮಾಸಿರೋದ್ ಹಾಕು."

ಆಮೇಲೆ ಗೋಡೆಯ ಕಡೆ ತಿರುಗಿ, ಸೆರಗು ಹೊದ್ದು ಮಲಗಿದರು.