ಕಾವಿಗೆ ತಿರುಗಿದ ಪಂಚೆ

ಆಗೆಲ್ಲ ಭದ್ರಾವತಿಯ ಹಳೇನಗರದಲ್ಲಿ ಹಿತ್ತಲಲ್ಲಿ ಬೋರಿಂಗು ಇದ್ದ ಮನೆಯವರು ಸ್ವಲ್ಪ ಕತ್ತು ನೇರ ಮಾಡಿಕೊಂಡೇ ಓಡಾಡುತ್ತಿದ್ದರು. ನಮ್ಮ ಬೀದಿಯ ಮೊದಲ ಬೋರಿಂಗು ನಮ್ಮದು. ಕೈಪಂಪನ್ನು ಹತ್ತು ಸಲ ಒತ್ತಿದರೆ ತಣ್ಣನೆಯ ನೀರು ಬರುತ್ತಿತ್ತು. ಕಣ್ಣಿಗೆ ತಿಳಿ, ಮೂಗಿಗೆ ಮಾತ್ರ ಹಳೇ ಮೊಳೆ ತುಂಬಿದ ಡಬ್ಬಿಯ ವಾಸನೆ. ಕಬ್ಬಿಣ ಕರಗಿಸುವ ಊರಲ್ಲಿ ಆ ವಾಸನೆಗೆ ಯಾರು ಮೂಗು ಮುರಿಯುತ್ತಾರೆ!

ನನಗಂತೂ ಆ ಪಂಪು ದೇವರ ಸಮಾನ. ಅದಕ್ಕೂ ಮುಂಚೆ ಬೀದಿ ಕೊನೆಯ ನಲ್ಲಿಯಿಂದ ನೀರು ಹೊರುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಕೊಡ ಹೊತ್ತು ಮುಗಿಸಿ ಒದ್ದೆ ಲಂಗದಲ್ಲೇ ಸ್ಕೂಲಿಗೆ ಓಡಿದರೆ ಎರಡನೇ ಪೀರಿಯಡ್ಡು ಅರ್ಧ ಆಗಿರುತ್ತಿತ್ತು. "ಏಳನೇ ಕ್ಲಾಸು ಸಾಕು ಬಿಡು," ಎಂದು ಅಜ್ಜಿ ದಿನಾ ಅನ್ನುತ್ತಿದ್ದಳು. ಬೋರಿಂಗು ಬಂತು, ನಾನು ಎಂಟನೇ ಕ್ಲಾಸಿಗೆ ಮೊದಲ ಬೆಲ್ಲಿಗೇ ಹೋಗಿ ಕೂತೆ.

ಅದೇ ಬೇಸಿಗೆಯಲ್ಲಿ ಚಿಕ್ಕಪ್ಪನ ಮದುವೆಯಾಗಿ ಶಿವಮೊಗ್ಗದ ಕೋಟೆ ಬೀದಿಯಿಂದ ಗಿರಿಜ ಚಿಕ್ಕಮ್ಮ ಬಂದಳು. ನನಗಿಂತ ಐದೇ ವರ್ಷ ದೊಡ್ಡವಳು. ಅಮ್ಮ ಬಾಣಂತನಕ್ಕೆಂದು ತವರಿಗೆ ಹೋಗಿದ್ದರಿಂದ ನಾನು ಈ ಹೊಸಬಳಿಗೆ ಅಂಟಿಕೊಂಡೆ. ಅಜ್ಜಿ ಮಧ್ಯಾಹ್ನ ಗೊರಕೆ ಹೊಡೆಯುವಾಗ ನಾವಿಬ್ಬರೂ ಚೌಕಾಬಾರ ಆಡುತ್ತಿದ್ದೆವು. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು ಕುಟ್ಟಿ, ಚಿಗಳಿ ಮಾಡಿ, ಕಡ್ಡಿಗೆ ಮೆತ್ತಿ, ಮೊದಲನೆಯದನ್ನು ನನ್ನ ಕೈಗೆ ಕೊಡುತ್ತಿದ್ದಳು.

ನಮ್ಮ ಮನೆಯ ಬಿಳಿ ಬಟ್ಟೆಯೆಲ್ಲ ಅಗಸರ ಮನೆಗೆ ಹೋಗುತ್ತಿತ್ತು. ಚಿಕ್ಕಮ್ಮ ಒಳ್ಳೇ ಸೊಸೆ ಅನ್ನಿಸಿಕೊಳ್ಳಲು ಚಿಕ್ಕಪ್ಪನ ಮದುವೆ ಪಂಚೆಯನ್ನು ತಾನೇ ಒಗೆಯುತ್ತೇನೆಂದು ಕೂತಳು. ಅವಳ ತವರಲ್ಲಿ ಬಿಳಿ ಬಟ್ಟೆಯನ್ನು ವಾಷಿಂಗ್ ಸೋಡಾದಲ್ಲಿ ನೆನೆಹಾಕುವುದು ರೂಢಿ. ಬೋರಿಂಗ್ ನೀರಿಗೆ ಒಂದು ಹಿಡಿ ಸೋಡಾ ಹಾಕಿ ನೆನೆಸಿದಳು. ಎತ್ತಿದಾಗ ಪಂಚೆಯ ತುಂಬ ಕೆಂಪು ಕಲೆ. ಗಾಬರಿಯಲ್ಲಿ ಇನ್ನೊಂದು ಹಿಡಿ ಸುರಿದಳು. ಸಂಜೆ ಹಗ್ಗದ ಮೇಲೆ ತೂಗುತ್ತಿದ್ದದ್ದು ಅಪ್ಪಟ ಕಾವಿ ಬಟ್ಟೆ.

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇದೇನು ಕೈಗುಣ ಮಾರಾಯ್ತಿ ನಿಂದು! ಮದುವೆ ಪಂಚೆನ ಕಾವಿ ಮಾಡಿದೀಯಲ್ಲ, ನನ್ನ ಮಗನ್ನ ಸನ್ಯಾಸಿ ಮಾಡ್ಬೇಕು ಅಂತಿದೀಯೇನು?"

ಮರುದಿನ ಚಿಕ್ಕಮ್ಮ ಟೀ ಕಾಸಿದಳು. ಬೆಲ್ಲದ ಕಾಫಿಯ ನಮ್ಮ ಮನೆಗೆ ಟೀ ಹೊಸದು. ಡಿಕಾಕ್ಷನ್ನು ಶಾಯಿಯ ಹಾಗೆ ಕಪ್ಪಾಯಿತು. ಅಲ್ಲಿಗೆ ಮುಗಿಯಿತು. ಅವಳು ಒಲೆ ಮುಟ್ಟುವಂತಿಲ್ಲ, ಕೊಡ ಮುಟ್ಟುವಂತಿಲ್ಲ. ಹೊಸ ಸೊಸೆಯಾದ್ದರಿಂದ ಬೀದಿಗಂತೂ ಇಳಿಯುವಂತಿಲ್ಲ. ನಡುಮನೆಯ ಕಿಟಕಿಯ ಸರಳು ಹಿಡಿದುಕೊಂಡು ಕೂತಿರುತ್ತಿದ್ದಳು. ಕಾರ್ಖಾನೆಯ ಸೈರನ್ನು ಕೂಗಿದಾಗಷ್ಟೇ ಅವಳ ಕತ್ತು ತಿರುಗುತ್ತಿತ್ತು, ಚಿಕ್ಕಪ್ಪ ಬರುವ ದಾರಿಗೆ.

ಅಪ್ಪ ಒಮ್ಮೆ ಊಟಕ್ಕೆ ಕೂತಾಗ ಅಂದ: "ಅಲ್ಲಮ್ಮ, ನೀರೇ ಕೆಟ್ಟಿದ್ರೆ?"

"ನೀರು ಕೆಟ್ಟಿದ್ರೆ ಬೋರಿಂಗ್ ಮುಚ್ಚು. ನಲ್ಲಿಗೆ ಹೋಗಕ್ಕೆ ಶಾರಿ ಇದಾಳಲ್ಲ, ಅವಳು ಓದಿ ಏನು ಆಗ್ಬೇಕು?" ಎಂದಳು ಅಜ್ಜಿ, ನನ್ನ ಕಡೆ ಕೈ ತೋರಿಸಿ. ಆಮೇಲೆ ದನಿ ತಗ್ಗಿಸಿ, "ಆಷಾಢಕ್ಕೆ ಗಿರಿಜ ಹೆಂಗೂ ತವರಿಗೆ ಹೋಗ್ತಾಳೆ. ವಾಪಸ್ ಕರೆಸೋದು ಆಮೇಲೆ ನೋಡೋಣ," ಎಂದಳು.

ಅದೇ ವಾರ ಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು ಗಾಜಿನ ನಳಿಗೆಯಲ್ಲಿ ಅನ್ನಭೇದಿ ಕರಗಿಸಿದ ನೀರು ತೋರಿಸಿದರು. ಅನ್ನಭೇದಿ ಎಂದರೆ ಕಬ್ಬಿಣದ ಉಪ್ಪು, ಟೀಯಂಥ ಒಗರು ಕಷಾಯಕ್ಕೆ ಬೆರೆಸಿ ಕಪ್ಪು ಶಾಯಿ ಮಾಡಲು ಬಳಸುವಂಥದ್ದು. ಅದಕ್ಕೆ ಸೋಡಾ ನೀರು ಬಿಟ್ಟರು. ಹಸಿರು ಕೆಸರೆದ್ದಿತು. ಬೆಲ್ಲು ಹೊಡೆಯುವಷ್ಟರಲ್ಲಿ ಆ ಕೆಸರು ಮೇಲಿನಿಂದ ಕೆಂಪಗಾಗುತ್ತ ಬಂತು. "ನೀರಲ್ಲಿ ಕರಗಿದ ಕಬ್ಬಿಣ ಕಣ್ಣಿಗೆ ಕಾಣಲ್ಲ. ಸೋಡಾ ಬಿತ್ತೋ, ಹೊರಗೆ ಬಂದು ತಳ ಸೇರುತ್ತೆ," ಎಂದರು. ಇಡೀ ಕ್ಲಾಸಿನಲ್ಲಿ ನನಗೊಬ್ಬಳಿಗೇ ಬೆವರು ಬಂತು.

ಮನೆಗೆ ಬಂದವಳೇ ಗಾಜಿನ ಲೋಟಕ್ಕೆ ಬೋರಿಂಗ್ ನೀರು ಹಿಡಿದು ಚಿಟಿಕೆ ಸೋಡಾ ಹಾಕಿದೆ. ನೀರು ಮೊದಲು ಮಸುಕಾಯಿತು. ಸ್ವಲ್ಪ ಹೊತ್ತಿಗೆ ಕೆಂಪಗೆ ಏನೋ ಒಡೆದು ತಳಕ್ಕಿಳಿಯಿತು. ಹಿಂದಿನಿಂದ ಚಿಕ್ಕಮ್ಮ ಬಂದದ್ದು ಗೊತ್ತಾಗಲಿಲ್ಲ.

"ಶಾರಿ! ಇದು ನೀನು ಹಾಕಿದ್ದಲ್ವ? ನಿನ್ನ ಕೈಯಲ್ಲೂ ಆಯ್ತಲ್ಲೇ!" ಅವಳ ಮುಖದಲ್ಲಿ ಅಂಥ ಬೆಳಕನ್ನು ಎಷ್ಟೋ ದಿನದಿಂದ ಕಂಡಿರಲಿಲ್ಲ. "ಬಾ, ಅತ್ತೆಗೆ ತೋರ್ಸು. ನನ್ನ ಮಾತು ಅವರು ಕೇಳಲ್ಲ, ನೀನು ಹೇಳಿದ್ರೆ ಕೇಳ್ತಾರೆ."

ನನ್ನ ಕಣ್ಣ ಮುಂದೆ ಬೀದಿ ಕೊನೆಯ ನಲ್ಲಿ ಬಂತು, ಕೊಡಗಳ ಸಾಲು ಬಂತು, ನಾನಿಲ್ಲದ ನನ್ನ ಬೆಂಚು ಬಂತು. ಲೋಟವನ್ನು ಬಚ್ಚಲಿಗೆ ಸುರಿದೆ.

"ಅದು ನೀನು ಮುಟ್ಟಿದ್ದ ಲೋಟ ಚಿಕ್ಕಮ್ಮ," ಎಂದೆ.

ಅವಳು ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡಳು. ಆಷಾಢ ಹುಟ್ಟುವ ಮೊದಲೇ ಟ್ರಂಕು ಹಿಡಿದು ಶಿವಮೊಗ್ಗದ ಬಸ್ಸು ಹತ್ತಿದಳು. ಶ್ರಾವಣ ಕಳೆದರೂ ಅಜ್ಜಿ ಕರೆಸಲಿಲ್ಲ. ನಾನು ದಿನಾ ಮೊದಲ ಬೆಲ್ಲಿಗೆ ಸ್ಕೂಲಲ್ಲಿರುತ್ತಿದ್ದೆ. ಪಾಠ ಮಾತ್ರ ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಹೇಳಿಬಿಡಲೇ ಎಂದು ಅಜ್ಜಿಯ ಬಾಗಿಲವರೆಗೆ ಹೋಗಿ ಎಷ್ಟು ಸಲ ವಾಪಸು ಬಂದೆನೋ.

ದೀಪಾವಳಿಗೆ ಚಿಕ್ಕಪ್ಪನೇ ಹಟ ಹಿಡಿದು ಹೆಂಡತಿಯನ್ನು ಕರೆತಂದ. ಮುಂದಿನ ವರ್ಷ ಮನೆಯೊಳಗೇ ನಲ್ಲಿ ಬಂತು. ಆ ನೀರಿನಲ್ಲಿ ಚಿಕ್ಕಮ್ಮ ಒಗೆದ ಪಂಚೆ ಮಲ್ಲಿಗೆಯ ಹಾಗೆ ಬೆಳ್ಳಗಾಯಿತು. "ಅಂತೂ ಇವಳ ಕೈಗುಣ ಸರಿಹೋಯ್ತು," ಎಂದು ಅಜ್ಜಿ ಸಮಾಧಾನ ಪಟ್ಟಳು. ಚಿಕ್ಕಮ್ಮ ನನ್ನ ಕಡೆ ಒಮ್ಮೆ ನೋಡಿ ಬಟ್ಟೆ ಹಿಂಡುತ್ತ ಕೂತಳು.

ನಾನು ಓದಿದೆ, ಸೈನ್ಸ್ ಟೀಚರೇ ಆದೆ. ಸೋಡಾ ಹಾಕಿದ ಅನ್ನಭೇದಿಯ ನೀರು ಕೆಂಪಾದಾಗ ಮಕ್ಕಳು ಪ್ರತಿ ವರ್ಷ ಚಪ್ಪಾಳೆ ತಟ್ಟುತ್ತಿದ್ದರು, ನಾನು ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ. ಈಗ ಆ ಹಿತ್ತಲೂ ಇಲ್ಲ, ಬೋರಿಂಗೂ ಇಲ್ಲ. ಚಿಕ್ಕಮ್ಮ ತೀರಿಕೊಂಡೂ ಆರು ವರ್ಷವಾಯಿತು. ಅವತ್ತಿನ ನನ್ನ ಮಾತನ್ನು ಅವಳು ಕೊನೆಯವರೆಗೂ ಯಾರ ಮುಂದೆಯೂ ಎತ್ತಲಿಲ್ಲ. ಚಿಗಳಿಯನ್ನೂ ಮಾಡಿದಳು, ನಾನು ಹೋದಾಗಲೆಲ್ಲ ನೀರನ್ನೂ ಕೊಟ್ಟಳು. ಆದರೆ ಆ ಬೇಸಿಗೆಯ ನಂತರ ಯಾವುದನ್ನೂ ನನ್ನ ಕೈಗೆ ಕೊಡಲಿಲ್ಲ. ನನ್ನ ಮುಂದೆ ನೆಲದ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.