ತಾಯಿ ಬಿಚ್ಚಿದ ಹಗ್ಗ

ದುರ್ಗಮ್ಮ ತಾಯಿಯನ್ನು ನಂಬಿದ ಎಲ್ಲರಿಗೂ ನಮಸ್ಕಾರ. ಹೊಟ್ಟೆಯ ವಿಷಯ, ಬರೆಯಲು ನಾಚಿಕೆ. ಆದರೂ ನಿಮ್ಮಲ್ಲಿ ಯಾರಾದರೂ ಇದನ್ನೇ ಬಚ್ಚಿಟ್ಟುಕೊಂಡಿರಬಹುದು ಎಂದು ಬರೆಯುತ್ತಿದ್ದೇನೆ.

ನಾನು ಮಂಡ್ಯದವನು. ಅನಕಾಪಲ್ಲಿಯಲ್ಲಿ ಬೆಲ್ಲದ ವ್ಯಾಪಾರ, ಮನೆ ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ. ಕಳೆದ ಶ್ರಾವಣದಿಂದ ಹೊಟ್ಟೆ ನುಲಿಯತೊಡಗಿತು. ಹರಾಜಿನ ನಡುವೆ ಎದ್ದು ಓಡುತ್ತಿದ್ದೆ. ನಮ್ಮಪ್ಪ ಕರುಳಿನ ಕ್ಯಾನ್ಸರ್‌ನಲ್ಲಿ ಹೋದವರು. ನನಗೂ ಅದೇ ಎಂದು ತೀರ್ಮಾನಿಸಿಬಿಟ್ಟೆ.

ಮೂವರು ಡಾಕ್ಟರರನ್ನು ಕಂಡೆ. ವ್ಯಾಪಾರದಲ್ಲಿ ಒಬ್ಬನ ದರವನ್ನು ಇನ್ನೊಬ್ಬನಿಗೆ ಹೇಳುವುದಿಲ್ಲ. ಅದೇ ಚಾಳಿಯಲ್ಲಿ ಒಬ್ಬರ ರಿಪೋರ್ಟನ್ನು ಇನ್ನೊಬ್ಬರಿಗೆ ತೋರಿಸಲಿಲ್ಲ. ಕರುಳಿಗೆ ಎರಡೆರಡು ಸಲ ಕ್ಯಾಮೆರಾ ಇಳಿಯಿತು. ಕೊನೆಗೆ ದ್ವಾರಕಾ ನಗರದ ಡಾಕ್ಟರಮ್ಮನ ಮೇಜಿನ ಮೇಲೆ ನನ್ನ ಹೆಂಡತಿ ಸುಮಾ ಹಳೆಯ ಕಾಗದಗಳನ್ನೆಲ್ಲ ಸುರಿದಳು.

ಡಾಕ್ಟರಮ್ಮ ಎಲ್ಲ ಓದಿ ಹೇಳಿದರು: “ಗೌಡಗಾರೂ, ಗಾಯವಿಲ್ಲ, ಗಡ್ಡೆಯಿಲ್ಲ. ಇದು ಐಬಿಎಸ್, ಕರುಳು ಕೆರಳೋ ತೊಂದರೆ. ಕರುಳಿಗೂ ತನ್ನದೇ ನರಗಳ ಬಲೆ ಇದೆ, ಮಿದುಳಿನ ಜೊತೆ ಸದಾ ಮಾತಾಡ್ತಿರುತ್ತೆ. ನೀವು ಹೆದರಿದ್ರೆ ಅದು ಹಿಂಡುತ್ತೆ, ಅದು ಹಿಂಡಿದ್ರೆ ನೀವು ಹೆದರ್ತೀರಿ.”

“ಹಾಗಾದ್ರೆ ನೋವು ಸುಳ್ಳಾ?”

“ನೋವು ನಿಜ. ನೀವು ಅಂದ್ಕೊಂಡ ಕಾಯಿಲೆ ಸುಳ್ಳು.”

ನಾನು ನಂಬಲಿಲ್ಲ. ಅಷ್ಟರಲ್ಲಿ ಮಗಳ ಮದುವೆ ವಿಜಯವಾಡದಲ್ಲಿ ನಿಶ್ಚಯವಾಯಿತು. “ನಿನ್ನ ತಮ್ಮನೇ ಧಾರೆ ಎರೀಲಿ, ನನ್ನ ಕೈಲಾಗಲ್ಲ” ಎಂದು ಸುಮಾಗೆ ಹೇಳಿದೆ.

“ಬೆಲ್ಲಕ್ಕೆ ಅರ್ಧ ದಿನ ಚೌಕಾಸಿ ಮಾಡೋರು, ಮಗಳಿಗೆ ಒಂದು ಗಳಿಗೆ ಕೂರಕ್ಕಾಗಲ್ವಾ?” ಎಂದಳು ಸುಮಾ. ಮಗಳು ತಟ್ಟೆ ಬಿಟ್ಟು ಎದ್ದಳು.

ಹೊರಟೆ. ಬಸ್ಸಿನಲ್ಲಿ ಏಳು ಗಂಟೆ ಹನಿ ನೀರು ಕುಡಿಯಲಿಲ್ಲ. ಮದುವೆಯ ಹಿಂದಿನ ದಿನ ದುರ್ಗಮ್ಮನ ಬೆಟ್ಟದ ಸರದಿಯಲ್ಲಿ ನಿಂತು ತಾಯಿಯ ಜೊತೆಗೂ ಚೌಕಾಸಿಗಿಳಿದೆ: “ಧಾರೆ ಮುಗಿಯೋವರೆಗೆ ಹೊಟ್ಟೆ ಕಟ್ಟಿಹಾಕು, ಬೆಳ್ಳಿ ಕಣ್ಣು ಕೊಡ್ತೀನಿ.” ಎರಡೂ ಕಡೆ ಕಂಬಿ, ಹಿಂದೆ ಜನ. ಹೊಟ್ಟೆ ನುಲಿಯಿತು, ಬೆವರು ಇಳಿಯಿತು.

ಕಂಬಿಯ ಸಂದಿಗೆ ಅಡ್ಡ ಕಟ್ಟಿದ ಹಗ್ಗ ಹಿಡಿದು ನಿಂತಿದ್ದ ವಯಸ್ಸಾದ ಸೇವಕಿಯೊಬ್ಬರು “ಏಮಿ ಬಾಬೂ, ಏನಾಯ್ತು?” ಎಂದರು. ಮೊದಲ ಬಾರಿಗೆ ಪರರ ಮುಂದೆ ನಿಜ ಹೇಳಿದೆ. ಅವರು ಹಗ್ಗ ಬಿಚ್ಚಿದರು. “ಹೋಗಿ ಬನ್ನಿ, ಇದೇ ಜಾಗಕ್ಕೆ ಬಿಡ್ತೀನಿ. ಅಮ್ಮ ಎಲ್ಲಿಗೂ ಹೋಗೋದಿಲ್ಲ.”

ದಾರಿ ತೆರೆದದ್ದೇ ತಡ, ನುಲಿತ ಸಡಿಲವಾಯಿತು. ನಾನು ಹೋಗಲೇ ಇಲ್ಲ. ಡಾಕ್ಟರಮ್ಮನ ಮಾತು ಅರ್ಥವಾದದ್ದು ಅಲ್ಲಿ.

ಮರುದಿನ, ನಡುವೆ ಏಳಬೇಕಾದೀತೆಂದು ಪುರೋಹಿತರಿಗೆ ಮೊದಲೇ ಹೇಳಿಟ್ಟೆ. “ಎದ್ದು ಹೋಗಿಬನ್ನಿ, ನನ್ನ ಹತ್ತಿರ ಮಂತ್ರಕ್ಕೇನು ಬರ!” ಎಂದು ನಕ್ಕರು. ಹೊಟ್ಟೆ ಎರಡು ಸಲ ಹಿಂಡಿತು. ಕೂತೇ ಧಾರೆ ಎರೆದೆ.

ನೋವು ಈಗಲೂ ಬರುತ್ತದೆ, ಔಷಧಿಯೂ ನಡೆದಿದೆ. ನನ್ನ ಮಾತು ಕೇಳಿ, ಕಾಗದಗಳನ್ನೆಲ್ಲ ಒಬ್ಬರೇ ಡಾಕ್ಟರರ ಮುಂದಿಡಿ. ರಕ್ತ ಬಿದ್ದರೆ, ತೂಕ ಇಳಿದರೆ ತಡಮಾಡಬೇಡಿ. ಬೆಳ್ಳಿ ಕಣ್ಣು ಒಪ್ಪಿಸಿದೆ, ಬೆಲೆಯೆಂದಲ್ಲ, ಕಾಣಿಕೆಯೆಂದು. ನಾನು ಬೇಡಿದ್ದು ಕಟ್ಟಿಹಾಕೆಂದು. ತಾಯಿ ಹಗ್ಗ ಬಿಚ್ಚಿದಳು.