ಬ್ರೇಕಮ್ಮನವರ ಕೋಪ

ಆಸ್ಪತ್ರೆಯ ಗಣಕ ವ್ಯವಸ್ಥೆಯೆಂದರೆ ರೋಗಿಯ ಶುಶ್ರೂಷೆಯ ಒಂದು ಭಾಗವೇ ಎಂದು ನಂಬಿ ದುಡಿದ ಕೆಲವೇ ಕೆಲವರಲ್ಲಿ, ಈಗ ನಮ್ಮ ಕ್ಯಾನ್ಸರ್ ಆಸ್ಪತ್ರೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಗಣಕತಜ್ಞೆಯವರದು ಮೊದಲ ಸ್ಥಾನ. ಅವರನ್ನು ‘ಶಾಂತಸ್ವಭಾವದವರು’ ಎಂದು ಬಣ್ಣಿಸುವಂತೆ ಈ ಅಭಿನಂದನಾ ಸಂಪುಟದ ಸಂಪಾದಕ ಮಂಡಳಿ ಸೂಚಿಸಿತ್ತು. ಆ ಸುಳ್ಳನ್ನು ಇಲ್ಲಿ ಬರೆಯುತ್ತಿಲ್ಲ.

ಅವರು ಸೇವೆಗೆ ಸೇರಿದಾಗ, ಒಂದು ಸಾಲಿನ ಕಮಾಂಡ್ ಬರೆದು ನೂರಾರು ಕೆಲಸಗಳನ್ನು ಒಮ್ಮೆಲೇ ಸರ್ವರಿನ ಮೇಲೆ ಹೇರುವುದು, ಅದು ಏದುಸಿರು ಬಿಟ್ಟರೆ ಯಂತ್ರವನ್ನೇ ಬೈಯುವುದು ಎಲ್ಲರ ರೂಢಿಯಾಗಿತ್ತು. ಸರ್ವರಿನ ಮೇಲಿನ ಹೊರೆ, ಅಂದರೆ ಲೋಡ್, ಮಿತಿ ಮುಟ್ಟಿದರೆ ಹೊಸ ಕೆಲಸ ಬಾಗಿಲಲ್ಲೇ ನಿಲ್ಲಬೇಕು, ಒಳಗಿನದೊಂದು ಮುಗಿದರಷ್ಟೇ ಇನ್ನೊಂದು ಒಳಬರಬೇಕು, ರೋಗಿಗಳ ವಿಕಿರಣ ಪ್ರಮಾಣದ ಲೆಕ್ಕಕ್ಕೆ ಮಾತ್ರ ಸದಾ ಜಾಗವಿರಬೇಕು ಎಂಬ ನಿಯಮವನ್ನು ಅವರು ಬರೆದು ಕೂರಿಸಿದರು. ಅವಸರದವರು ‘ಬ್ರೇಕಮ್ಮ’ ಎಂದು ಹೆಸರಿಟ್ಟರು. ಹೊಸ ಸಹೋದ್ಯೋಗಿಯೊಬ್ಬಳು ತಪ್ಪು ಕಮಾಂಡ್ ಕೊಟ್ಟು ಅಳುತ್ತ ಕೂತಾಗ, ಚೆನ್ನಾಗಿ ಗದರಿ, ಪಕ್ಕದಲ್ಲೇ ಕೂತು ಸರಿಪಡಿಸಲು ಕಲಿಸಿ, “ಹೋಗು, ನಿನ್ ಕೂಸು ಹಸ್ಕೊಂಡಿರತ್ತೆ” ಎಂದು ಮನೆಗೆ ಕಳಿಸಿದವರೂ ಇದೇ ಬ್ರೇಕಮ್ಮ.

ಹೋದ ವರ್ಷ ದಾನಿಗಳು ಬಂದ ದಿನ, ಹಳೆಯ ಸ್ಕ್ಯಾನ್ ಚಿತ್ರಗಳನ್ನೆಲ್ಲ ಒಂದೇ ಏಟಿಗೆ ಸಂಸ್ಕರಿಸಿ ತೋರಿಸುವ ಉಮೇದಿನಲ್ಲಿ ನಿರ್ದೇಶಕರು ಆ ನಿಯಮವನ್ನು ಅವರಿಗೆ ತಿಳಿಸದೆ ತೆಗೆಸಿಹಾಕಿದರು. ಸಭಾಂಗಣದ ಪರದೆಯ ಮೇಲೆ ಸಾಲುಗಳು ಓಡಿದವು, ಚಪ್ಪಾಳೆ ಬಿತ್ತು. ಮೆಮೊರಿಯನ್ನೆಲ್ಲ ಆ ಕೆಲಸಗಳೇ ನುಂಗಿದ್ದರಿಂದ ಕೆಳಗಿನ ಚಿಕಿತ್ಸಾ ಕೊಠಡಿಯಲ್ಲಿ ವಿಕಿರಣದ ಲೆಕ್ಕ ನಿಂತುಹೋಯಿತು. ಅಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು, ತಲೆ ಅಲುಗದಂತೆ ಮುಖಕ್ಕೆ ಅಚ್ಚು ಬಿಗಿದು ಮಲಗಿಸಿದ್ದರು.

“ಮೇಡಂ, ಮಗು ಕಿರುಚ್ತಾ ಇದೆ. ಲೆಕ್ಕ ಬರ್ತಾನೇ ಇಲ್ಲ,” ಎಂದು ಟೆಕ್ನಿಷಿಯನ್ ಫೋನ್ ಮಾಡಿದರು.

ತಮ್ಮ ಗಣಕದ ಪರದೆ ನೋಡುತ್ತಲೇ ತಜ್ಞೆಯವರಿಗೆ ನಡೆದದ್ದು ಅರ್ಥವಾಯಿತು. ಮೈಯೆಲ್ಲ ಉರಿಯಿತು. ನೇರ ಸಭಾಂಗಣದ ವೇದಿಕೆ ಹತ್ತಿ, ಕೀಬೋರ್ಡ್ ಎಳೆದುಕೊಂಡು, ಪ್ರದರ್ಶನದ ಅಷ್ಟೂ ಕೆಲಸಗಳನ್ನು ನಿಲ್ಲಿಸಿಬಿಟ್ಟರು.

“ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ರಲ್ಲ!” ಎಂದು ನಿರ್ದೇಶಕರು ಗುಡುಗಿದರು.

“ನಿಮ್ಮ ಮರ್ಯಾದೆ ನಾಳೆವರೆಗೂ ಕಾಯತ್ತೆ ಸಾರ್. ಕೆಳಗೆ ಮಲಗಿರೋ ಮಗು ಯಾಕೆ ಕಾಯ್ಬೇಕು?”

ಹುಡುಗಿಯ ಚಿಕಿತ್ಸೆ ಅಂದೇ ನಡೆಯಿತು. ತಜ್ಞೆಯವರಿಗೆ ಬರಬೇಕಿದ್ದ ಬಡ್ತಿ ಮಾತ್ರ ಬರಲಿಲ್ಲ. ಮರುತಿಂಗಳು ನಿಯಮ ಮತ್ತೆ ಜಾರಿಯಾಯಿತು, ‘ನಿರ್ದೇಶಕರ ದೂರದೃಷ್ಟಿ’ ಎಂಬ ಬಿರುದಿನೊಂದಿಗೆ! ಈ ಸಂಪುಟಕ್ಕೆ ಮುನ್ನುಡಿ ಬರೆದವರೂ ಆ ನಿರ್ದೇಶಕರೇ. ಅದನ್ನು ಓದಿದ ತಜ್ಞೆಯವರು, “ನಾಚಿಕೆ ಅನ್ನೋದನ್ನ ಎಲ್ಲಿ ಮಾರಿದ್ರಂತೆ?” ಎಂದಷ್ಟೇ ಕೇಳಿದರು.

ಇನ್ನು ಮುಂದೆ ಅವರು ಬೇರೆ ಆಸ್ಪತ್ರೆಗಳಿಗೆ ಹೋಗಿ ಇದೇ ವ್ಯವಸ್ಥೆಯನ್ನು ಕೂರಿಸಿಕೊಡಲಿದ್ದಾರೆ. ಅವರ ಆಯುಷ್ಯ ದೀರ್ಘವಾಗಿರಲಿ, ಕಣ್ಣು ಕೈ ಗಟ್ಟಿಯಾಗಿರಲಿ. ಕೋಪವಂತೂ ಆರುವುದೇ ಬೇಡ.